ಮಸ್ತಾನಬಿಯ ಸವತಿ

ನಮ್ಮ ಓಣಿಯಲ್ಲಿ ಸವತಿಯ ಕಾಟ ಉಂಡವಳು ಒಬ್ಬಳೇ, ಮಸ್ತಾನಬಿ. ಹಾಗೆಂದು ಅವಳ ಗಂಡ ನಸೀರುದ್ದೀನ ಅವರ ಬಗ್ಗೆ ಯಾರೂ ತಪ್ಪು ತಿಳಿಯಬಾರದು. ಹೆಂಡತಿಯ ಮುಖವನ್ನೇ ನೆಟ್ಟಗೆ ನೋಡಲು ನಾಚುವ ಮನುಷ್ಯ ಇನ್ನೊಬ್ಬಳ ಕಡೆ ಎಲ್ಲಿಂದ ನೋಡಬೇಕು? ಅವಳ ಸವತಿಗೆ ಮುಖವಿಲ್ಲ, ಮೈಯಿಲ್ಲ. ಅದೊಂದು ಕಾವು. ಘಟ್ಟದ ಕಾಡಿನ ನಡುವೆ ಇರುವ ಒಂದು ಅಣುವಿದ್ಯುತ್ ಸ್ಥಾವರದಲ್ಲಿ, ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಒಳಗೆ ಹುಟ್ಟುತ್ತಲೇ ಇರುವ ಕಾವು. ಅದನ್ನು ಇಳಿಸುವ ಪಂಪುಗಳನ್ನು ನೋಡಿಕೊಳ್ಳುವ ಫಿಟ್ಟರು ನಸೀರುದ್ದೀನ. ಅದು ಇಳಿಯುವ ತನಕ ಅವರಿಗೆ ಮನೆಯಿಲ್ಲ.

ನಾನು ಅನುರಾಧಾ, ಶಹಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಮನೆಗೂ ಮಸ್ತಾನಬಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಹೀಗಾಗಿ ಅವಳ ಸಂಸಾರದ ಮುಕ್ಕಾಲು ಭಾಗ ನನ್ನ ಕಿವಿಯ ಮೇಲೆಯೇ ನಡೆದಿದೆ. ಕದ್ದು ಕೇಳಿದಳು ಎಂದು ನನ್ನನ್ನು ಬಯ್ಯುವವರು ಒಂದು ತಿಂಗಳು ಬಂದು ನಮ್ಮ ಮನೆಯಲ್ಲಿ ಇದ್ದು ನೋಡಲಿ. ಮಸ್ತಾನಬಿ ಫೋನನ್ನು ಸ್ಪೀಕರಿಗೆ ಹಾಕಿ, ಡಬ್ಬಿಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತಾ ಮಾತನಾಡುವವಳು. ರೊಟ್ಟಿಯ ಸದ್ದಿಗಿಂತ ಮಾತು ಜೋರು.

ಸಂಜೆ ಪಾಳಿ ಮುಗಿಸಿ ಅವರು ದಿನಾ ಫೋನು ಮಾಡುತ್ತಿದ್ದರು. ಅತ್ತಲಿಂದ ಬರುವುದು ಎರಡೇ ಪ್ರಶ್ನೆ, ಊಟ ಆತೇನು, ನಳಕ್ಕ ನೀರು ಬಂತೇನು. ಇತ್ತಲಿಂದ ಹೋಗುವುದು ಇಡೀ ಶಹಾಪುರ. ಯಾರ ಮನೆಯಲ್ಲಿ ಏನು ನಡೆಯಿತು, ಮಗಳು ಅಂಬರೀನ ಯಾವ ಸಲ್ವಾರಿಗೆ ಹಟ ಹಿಡಿದಳು, ಅಡತಿ ಅಂಗಡಿಯ ಮುಂದೆ ಎಷ್ಟು ಹತ್ತಿ ಗಾಡಿ ನಿಂತಿದ್ದವು, ತನಗೆ ಹಿಂದಿನ ರಾತ್ರಿ ಯಾವ ಕನಸು ಬಿತ್ತು. ನಡುನಡುವೆ ನಗು, ನಡುನಡುವೆ ಜಗಳ. ಕೆಲವೊಮ್ಮೆ ಸುಮ್ಮನೆ ಇಬ್ಬರೂ ಉಸಿರಾಡುವುದಷ್ಟೇ ಕೇಳುತ್ತಿತ್ತು. ಆಗ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ, ಅಷ್ಟು ಮರ್ಯಾದೆ ನನಗೂ ಇದೆ.

ಅದೇ ಗಂಡ ವರ್ಷಕ್ಕೊಮ್ಮೆ ಚೀಲ ಹಿಡಿದು ಬಾಗಿಲಿಗೆ ಬಂದರೆ ಮಸ್ತಾನಬಿಯ ಬಾಯಿಗೆ ಬೀಗ. ತಲೆಯ ಮೇಲೆ ಸೆರಗು ಎಳೆದುಕೊಂಡು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಕೂರುವಳು. ಅವರಿಗೆ ಹೆಂಡತಿಯ ಹತ್ತಿರ ಏನು ಮಾತನಾಡಬೇಕೆಂದು ತೋಚುವುದರೊಳಗೆ ರಜೆ ಮುಗಿದಿರುತ್ತಿತ್ತು. ಅವರು ಹೋದ ಮರುದಿನ ಸಂಜೆ ಫೋನಿನಲ್ಲಿ ಮತ್ತೆ ಅದೇ ಹೊಳೆ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಬಾರದಿತ್ತೇ ಎಂದು ಕೇಳುವವರು ಉಂಟು. ಗುತ್ತಿಗೆಯ ಫಿಟ್ಟರಿಗೆ ಕಾಲೊನಿಯಲ್ಲಿ ಮನೆ ಕೊಡುವುದಿಲ್ಲ. ಹೊರಗಿನ ಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ನಾಲ್ಕು ಜನ ಗಂಡಸರು ಒಟ್ಟಿಗೆ ಇದ್ದರು. ಶಹಾಪುರದಲ್ಲಿ ಕಾಲುವೆ ದಂಡೆಯ ಪಂಪುಗಳ ಮೋಟಾರು ಕಟ್ಟುತ್ತಿದ್ದ ನಸೀರುದ್ದೀನ ಅವರನ್ನು ಒಬ್ಬ ಗುತ್ತಿಗೆದಾರ ಕರೆದುಕೊಂಡು ಹೋಗಿದ್ದ, ಎರಡು ವರ್ಷದ ಮಟ್ಟಿಗೆ ಎಂದು ಹೇಳಿ. ಆಗ ಅಂಬರೀನ ತೊಟ್ಟಿಲಿನಲ್ಲಿದ್ದಳು.

ಒಂದು ಬಕ್ರೀದಿಗೆ ಅವರು ಬಂದಿದ್ದಾಗ ನಾನೇ ಕೇಳಿದೆ. ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು, ಮಸ್ತಾನಬಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮನೆಯೊಳಗೆ ಅವರದು ದಖನಿ ಉರ್ದು, ಗೋಡೆಯ ಆಚೆಯ ಮಾತನ್ನು ನಾನೇ ಕನ್ನಡ ಮಾಡಿ ಹೇಳುತ್ತಿದ್ದೇನೆ. ನಾನು ಎದುರಿಗೆ ಬಂದರೆ ಕನ್ನಡಕ್ಕೆ ಹೊರಳುತ್ತಾರೆ.

"ಅಲ್ಲರಿ, ಬಂದ್ ಮಾಡಿದ ಮೇಲೆ ಅದಕ್ಕೆ ಯಾಕೆ ಕಾವಲು?" ಎಂದೆ.

"ನಮ್ಮ ಮಶಿನ್ನು ಬ್ಯಾರೇ ಜಾತಿದು ಅದರಿ ಅಕ್ಕೋರ," ಎಂದರು ನಸೀರುದ್ದೀನ. "ಚಾಲೂ ಇದ್ದಾಗ ಒಳಗ ದೊಡ್ಡ ಪರಮಾಣು ಒಡದು ತುಣುಕು ಆಗ್ತಾವ. ಆವಾಗ ಬರೂ ಬೆಂಕೀಲೆ ಕರೆಂಟ್ ಮಾಡ್ತಾರ. ಬಂದ್ ಮಾಡಿದ್ರ ಒಡಿಯೂದು ಕಣ್ಣ ಮಿಟುಕಿಸೂದ್ರಾಗ ನಿಂತು ಹೋಗ್ತದ. ಆದ್ರ ಮೊದಲ ಒಡದ ತುಣುಕು ಎಲ್ಲಿ ಹೋಗ್ಬೇಕು? ಅಲ್ಲೇ ಇರ್ತಾವ. ಅವಕ್ಕ ಸಮಾಧಾನ ಇಲ್ಲ. ತಮ್ಮಷ್ಟಕ್ಕ ತಾವ ಕಾವು ಬಿಡ್ಕೋತ ಇರ್ತಾವ. ಅದಕ್ಕ ಸ್ವಿಚ್ ಇಲ್ಲರಿ."

"ಬೂದಿಯೊಳಗೆ ಕೆಂಡ ಇದ್ದ ಹಾಗೆ," ಎಂದೆ ನಾನು, ಕನ್ನಡದ ಟೀಚರಲ್ಲವೇ, ಹೋಲಿಕೆ ತಟ್ಟನೆ ಬಂತು.

ಅವರು ತಲೆ ಅಲ್ಲಾಡಿಸಿದರು. "ಅಲ್ಲರಿ. ಕೆಂಡ ಅಂದ್ರ ಹಳೇ ಬೆಂಕಿ ಉಳದದ್ದು. ನೀರು ಹೊಯ್ದ್ರ ಚುಂಯ್ ಅಂತ ಆರ್ತದ. ಇದು ಉಳದದ್ದಲ್ಲ, ದಿನಾ ಹೊಸಾದು ಹುಟ್ಟತಿರ್ತದ. ನೀರು ಅದನ್ನ ಆರಸೂದಿಲ್ಲ, ಹೊತಗೊಂಡು ಹೋಗ್ತದ ಅಷ್ಟ. ಅದಕ್ಕ ನೀರು ತಿರುಗತಾನೇ ಇರಬೇಕು, ಪಂಪು ನಿಲ್ಲಬಾರದು."

"ಎಷ್ಟು ಇರ್ತದ ಆ ಕಾವು?" ಬಾಗಿಲ ಮರೆಯಿಂದ ಮಸ್ತಾನಬಿಯ ದನಿ, ಮುಖ ಕಾಣದಿದ್ದರೆ ಅವಳಿಗೆ ಮಾತು ಬರುತ್ತದೆ.

"ಪೂರಾ ಚಾಲೂ ಇದ್ದಾಗಿಂದು ಒಂದು ರೂಪಾಯಿ ಅಂತ ಹಿಡಿ. ಬಂದ್ ಮಾಡಿದ ಕೂಡ್ಲೇ ಆರೇಳು ಪೈಸೆ. ಒಂದು ತಾಸಿಗೆ ಒಂದೂವರಿ ಪೈಸೆ. ಮರುದಿನಕ್ಕ ಅರ್ಧ. ಆಮ್ಯಾಲ ಭಾಳ ಸಾವಕಾಶ ಇಳೀತದ, ತಿಂಗಳಗಟ್ಲೆ, ವರ್ಷಗಟ್ಲೆ."

"ಅರ್ಧ ಪೈಸೆಕ್ಕ ಹೆದರಿ ಹೆಣ್ತಿ ಮಕ್ಕಳನ್ನ ಬಿಟ್ಟು ಕುಂದರ್ತೀರೇನು?"

"ಆ ರೂಪಾಯಿ ಎಂಥಾದ್ದು ಅಂತ ಕೇಳು. ಯಾದಗಿರಿ ಜಿಲ್ಲಾದಾಗಿನ ಮನಿಮನಿ ದೀಪ ಹಚ್ಚೂವಂಥಾ ರೂಪಾಯಿ. ಜಪಾನದಾಗ ಸಮುದ್ರ ಉಕ್ಕಿ ಬಂದು ಪಂಪು ನಿಂತುವು. ಮಶಿನ್ನು ಬಂದ್ ಇತ್ತು, ಆದ್ರೂ ಒಳಗಿಂದು ಎಲ್ಲಾ ಕರಗಿ ಹೋತು, ಆ ಪೈಸೆದ ಕಾವಿಗೇ."

ಮಸ್ತಾನಬಿಗೆ ಮಾತ್ರ ಅದರಲ್ಲಿ ಬೇರೆಯೇ ಕಂಡಿತು. ಬಂದ್ ಮಾಡಿದರೂ ಬಂದ್ ಆಗದ, ಕರೆಯದೆ ಇದ್ದರೂ ಬಿಡದ, ಗಂಡನನ್ನು ಹಗಲೂ ರಾತ್ರಿ ಪಕ್ಕದಲ್ಲೇ ಕೂರಿಸಿಕೊಳ್ಳುವ ಅದು ಹೆಣ್ಣೇ ಇರಬೇಕೆಂದು ತೀರ್ಮಾನ ಮಾಡಿದಳು. ಅಂದಿನಿಂದ ಅದು ಸವತಿ. ಓಣಿಯ ಹೆಂಗಸರೂ ಬಿಡಲಿಲ್ಲ. ನಳದ ಹತ್ತಿರ ಕೊಡ ಇಟ್ಟುಕೊಂಡು, "ಏನವಾ ಮಸ್ತಾನಬಿ, ನಿನ್ನ ಸವತಿ ಈ ಸಲ ರಂಜಾನಕ್ಕರ ಬಿಡ್ತಾಳೇನು?" ಎಂದು ಕೇಳುವುದು ರೂಢಿಯಾಯಿತು. ಅವಳೂ ನಗುತ್ತಿದ್ದಳು. ಕೊಡ ಹೊತ್ತುಕೊಂಡು ಒಳಗೆ ಹೋದ ಮೇಲೆ ನಗುತ್ತಿರಲಿಲ್ಲ, ಅದು ಗೋಡೆಯ ಈಚೆಗಿದ್ದ ನನಗೆ ಮಾತ್ರ ಗೊತ್ತು.

ವರ್ಷಗಳು ಹಾಗೇ ಕಳೆದವು. ಅಂಬರೀನ ಬಿ.ಎ. ಮುಗಿಸಿದಳು. ಸುರಪುರದಿಂದ ಒಂದು ಸಂಬಂಧ ಬಂದು ಮುರಿಯಿತು. ಹುಡುಗನ ಕಡೆಯವರು ಎರಡು ಸಲ ಮಾತುಕತೆಗೆ ಬಂದಾಗಲೂ ಅಪ್ಪ ಇರಲಿಲ್ಲ. ಗಂಡಸು ಇಲ್ಲದ ಮನೆ, ಮುಂದೆ ಜವಾಬ್ದಾರಿ ಯಾರದು ಎಂದು ಯಾರೋ ಮೂಗು ಮುರಿದರಂತೆ. ಆ ದಿನ ಅಂಬರೀನ ಅಳಲಿಲ್ಲ. ತಾಯಿಯ ಎದುರಿಗೆ ನಿಂತು ಒಂದೇ ಮಾತು ಹೇಳಿದಳು. ಅಬ್ಬಾ ಅಂಗಳದಲ್ಲಿ ಕುಳಿತಿರದೆ ಇದ್ದರೆ ನಾನು ಯಾರಿಗೂ ಕಬೂಲ್ ಎನ್ನುವುದಿಲ್ಲ, ಎಷ್ಟು ವಯಸ್ಸಾದರೂ ಸರಿ.

ಆಮೇಲೆ ಕೆಂಭಾವಿಯ ಅಕ್ರಮನ ಸಂಬಂಧ ಬಂತು. ಬೈಕ್ ಗ್ಯಾರೇಜು ಇಟ್ಟುಕೊಂಡಿರುವ ಹುಡುಗ, ಮಾತು ಕಡಿಮೆ, ನಗು ಹೆಚ್ಚು. ತಂದೆತಾಯಿ ಇಲ್ಲ, ಸಾಕಿದವಳು ಅಜ್ಜಿ ಉಮೆಸಲ್ಮಾ. ಅಂಬರೀನಳಿಗೆ ಅವನು ಹಿಡಿಸಿದ್ದು ಅವಳ ಕಿವಿಯ ಕೆಂಪಿನಿಂದಲೇ ನಮಗೆಲ್ಲ ತಿಳಿಯಿತು. ಅದೇ ಹೊತ್ತಿಗೆ ನಸೀರುದ್ದೀನ ಅವರ ಫೋನು. ಅರವತ್ತು ತುಂಬಿತು, ಬರುವ ಶಟ್‌ಡೌನೇ ನಂದು ಕಡೇದು, ಅದು ಮುಗಿದರೆ ಕಾಯಮ್ಮಾಗಿ ಮನೆಗೆ ಬರುತ್ತೇನೆ ಎಂದರು. ಯಾವ ಸೋಮವಾರ ರಿಪೇರಿಗೆಂದು ಯೂನಿಟ್ಟು ಬಂದ್ ಮಾಡುತ್ತಾರೆಂಬುದನ್ನೂ ಹೇಳಿದರು.

ಇಲ್ಲಿ ನಮ್ಮ ಓಣಿಯ ಬಗ್ಗೆ ಒಂದು ಮಾತು ಹೇಳಬೇಕು. ಇದು ಹತ್ತಿ ಗಿರಣಿಯ ಓಣಿ. ಮಸ್ತಾನಬಿಯ ತಂದೆ ಗಿರಣಿಯಲ್ಲಿ ಮಶಿನ್ ನಡೆಸುತ್ತಿದ್ದರು, ಅವಳೂ ಸಣ್ಣವಳಿದ್ದಾಗ ಅಲ್ಲಿ ಹತ್ತಿ ಆರಿಸಿದವಳೇ. ದೀಪಾವಳಿಯ ಸುತ್ತ ಶುರುವಾದ ಗಿರಣಿ ಬೇಸಿಗೆ ಬಂತೆಂದರೆ ನಿಲ್ಲುತ್ತಿತ್ತು. ನಿಲ್ಲುವ ದಿನ ಚಕ್ರದಿಂದ ಪಟ್ಟಾ ಇಳಿಸಿ, ಊದಿನಕಡ್ಡಿ ಹಚ್ಚಿ, ಎಲ್ಲರಿಗೂ ಪೇಡೆ ಹಂಚುತ್ತಿದ್ದರು. ಆ ವರ್ಷ ಕೆಲಸ ಬಿಡುವ ಹಿರಿಯ ಇದ್ದರೆ ಅವನ ಕೊರಳಿಗೆ ಹಾರ ಹಾಕಿ, ಗೇಟಿನಿಂದ ಅವನನ್ನೇ ಮೊದಲು ಹೊರಗೆ ಬಿಡುತ್ತಿದ್ದರು. ಗಂಡಸರೆಲ್ಲ ಮೈಮೇಲಿನ ಹತ್ತಿ ಝಾಡಿಸಿಕೊಂಡು ಮನೆಗೆ ಬಂದು ಸ್ನಾನ ಮಾಡಿದರೆ, ಆ ವಾರದಿಂದಲೇ ಓಣಿಯಲ್ಲಿ ಶಾದಿಗಳು. ಮಸ್ತಾನಬಿಯ ನಿಕಾಹ ಆದದ್ದೂ ಹಾಗೆಯೇ. ಮಶಿನ್ನು ನಿಂತರೆ ಗಂಡಸು ಮನೆಗೆ, ಅದರಲ್ಲೂ ಕಡೆಯ ಸಲದವನು ಎಲ್ಲರಿಗಿಂತ ಮೊದಲು. ಇದು ಅವಳ ರಕ್ತದಲ್ಲಿ ಇದ್ದ ಲೆಕ್ಕ.

ಅದೇ ಲೆಕ್ಕ ಹಿಡಿದು ಅವಳು ಕೆಂಭಾವಿಯವರಿಗೆ ಅದೇ ವಾರದ ಶುಕ್ರವಾರ, ಜುಮ್ಮಾದ ದಿನ ಗೊತ್ತು ಮಾಡಿಬಿಟ್ಟಳು. ಸಂಜೆ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಗೆದ್ದವಳ ಗತ್ತಿತ್ತು. "ಸೋಮವಾರ ನಿಮ್ಮ ಮಶಿನ್ನು ಬಂದ್. ಹಾರ ಹಾಕಸ್ಕೊಂಡು ಮಂಗಳವಾರ ಬಸ್ ಹತ್ತರಿ. ಜುಮ್ಮಾಕ್ಕ ನಿಕಾಹ. ಸವತಿ ಆಟ ಮುಗೀತು."

ಅವರು ಆ ಕಡೆಯಿಂದ ಮೆಲ್ಲಗೆ ಹೇಳಿದ್ದು ನನಗೂ ಕೇಳಿತು. ಬಂದ್ ಆದ ಮೊದಲ ದಿನಗಳಿಗಾಗಿಯೇ ತಾನು ಅಲ್ಲಿರುವುದು. ಆವಾಗಲೇ ಕಾವು ಜೋರು, ಆವಾಗಲೇ ಪಂಪಿನ ಮೇಲೆ ಕಿವಿ ಇಟ್ಟು ಕೂರಬೇಕು. ಆ ವಾರ ದೊಡ್ಡ ಸಾಹೇಬರಿಗೂ ರಜೆ ಇಲ್ಲ. ಎರಡು ವಾರ ಕಳೆದರೆ ಕಾವು ಸಾಕಷ್ಟು ಇಳಿದಿರುತ್ತದೆ, ಆಗ ಬಿಡುತ್ತಾರೆ.

"ನಿಮಗ ಮಗಳು ಹೆಚ್ಚೋ ಅದು ಹೆಚ್ಚೋ?" ಎಂದಳು ಮಸ್ತಾನಬಿ.

"ಹಂಗ ಕೇಳಬ್ಯಾಡ," ಎಂದರು ಅವರು. "ನಾ ಬರಬಾರದು ಅಂತ ಕುಂತೀನೇನು?"

ಅವಳು ಫೋನು ಇಟ್ಟಳು. ಅಂದು ರೊಟ್ಟಿಯ ಸದ್ದು ಕೇಳಲಿಲ್ಲ. ನಾನು ಒಂದು ತಟ್ಟೆಯಲ್ಲಿ ಅನ್ನ ಸಾರು ಒಯ್ದೆ. ತಾಯಿ ಒಂದು ಮೂಲೆಯಲ್ಲಿ, ಮಗಳು ಒಂದು ಮೂಲೆಯಲ್ಲಿ. ಯಾರೂ ತಟ್ಟೆ ಮುಟ್ಟಲಿಲ್ಲ.

"ದಿನ ಮುಂದಕ್ಕೆ ಹಾಕಿದರಾಯಿತು," ಎಂದೆ.

"ಹೆಂಗ ಹಾಕಲಿ ಅಕ್ಕೋರ?" ಮಸ್ತಾನಬಿ ನನ್ನ ಮೇಲೆಯೇ ಹರಿಹಾಯ್ದಳು. "ಕೆಂಭಾವಿಗೆ ಹೋಗಿ ಏನ್ ಹೇಳ್ಲಿ? ಹುಡುಗಿ ಅಪ್ಪ ಒಂದು ಬಂದ್ ಆದ ಮಶಿನ್ನು ತಣ್ಣಗಾಗೂ ತನಕಾ ಕಾಯಬೇಕಂತ, ಅದಕ್ಕ ಶಾದಿ ಮುಂದ ಹಾಕರಿ ಅನ್ಲೇನು? ಇವ್ರಿಗಿ ಮನಸಿಲ್ಲ, ನೆವಾ ಹೇಳಾಕತ್ತಾರ ಅಂತಾರ. ಸುರಪುರದವ್ರು ಮಾಡಿದಂಗ ಇವ್ರೂ ಮಾಡಿದ್ರ ನನ್ನ ಮಗಳ ಗತಿ ಏನು?"

ಅವಳ ಭಯ ಸುಳ್ಳಾಗಿರಲಿಲ್ಲ. ಆದರೂ ಮರುದಿನ ಶಾಲೆಗೆ ರಜೆ ಹಾಕಿ ಅವಳನ್ನು ಎಬ್ಬಿಸಿಕೊಂಡು ಕೆಂಭಾವಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೀರಾವರಿಯ ಭತ್ತದ ಹಸಿರು. ಅವಳು ಕಿಟಕಿಯ ಕಡೆ ಕುಳಿತೂ ಏನನ್ನೂ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅದೇ ಕೆಲಸ. ನಾನು ಬಾಯಲ್ಲಿ ಪಾಠ ಹೊಂದಿಸಿಕೊಳ್ಳುತ್ತಿದ್ದೆ, ಅಜ್ಜಿಗೆ ತಿಳಿಯುವ ಹಾಗೆ ಇದನ್ನು ಹೇಗೆ ಹೇಳುವುದೆಂದು.

ಉಮೆಸಲ್ಮಾ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಎಂಬತ್ತರ ಹತ್ತಿರದ ಹೆಂಗಸು, ಬೆನ್ನು ಮಾತ್ರ ನನಗಿಂತ ನೆಟ್ಟಗೆ. ನಾನಿದ್ದುದರಿಂದ ಕನ್ನಡದಲ್ಲೇ ಮಾತನಾಡಿದಳು. ಚಹಾ ಬಂತು. ನಾನು ನನ್ನ ಪಾಠ ಶುರು ಮಾಡಿದೆ. ಪರಮಾಣು, ತುಣುಕು, ರೂಪಾಯಿ, ಪೈಸೆ. ಐದು ನಿಮಿಷದಲ್ಲಿ ನನಗೇ ಗೋಜಲಾಯಿತು.

"ಬಂದ್ ಮಾಡ್ತಾರ ಅಂತಿ," ಎಂದಳು ಅಜ್ಜಿ ಮೊರ ಕೆಳಗಿಟ್ಟು. "ಬಂದ್ ಮಾಡಿದ್ರ ಮತ್ತ ಬಿಸಿ ಎಲ್ಲಿಂದ ಬರ್ತದ? ಟೀಚರಮ್ಮ, ನಂಗ ಆಟ ಆಡಸ್ಬ್ಯಾಡ. ಸೀದಾ ಹೇಳು, ಬೀಗರಿಗಿ ಮನಸಿಲ್ಲೇನು?"

ನಾನು ಬಾಯಿ ತೆರೆಯುವುದರೊಳಗೆ ಮಸ್ತಾನಬಿ ಎದ್ದು ನಿಂತಳು. ಅವಳ ಸೆರಗು ಜಾರಿತ್ತು, ಅದರ ಖಬರಿಲ್ಲ.

"ಮನಸಿಲ್ಲೇನು ಅಂತ ಕೇಳ್ತೀರಿ ದಾದಿಮಾ. ಇಪ್ಪತ್ತು ವರ್ಷದ ಮ್ಯಾಲಾತು, ನಾನು ಆ ಮನುಷ್ಯಾಗ ಮನಿ ಬಾಗಲಾ ತೋರಿಸಾಕ ಬಡದಾಡಾಕತ್ತೀನಿ. ಮೇಲ ಮೇಲ ಬಂದ್ ಆಗ್ತದ, ಒಳಗ ಆಗೂದಿಲ್ಲ. ಅಷ್ಟ ನಂಗ ತಿಳದದ್ದು. ಅದು ಇಳಿಯೂ ತನಕಾ ಯಾರಾರ ಒಬ್ರು ನೀರು ತಿರುವ್ಕೋತ ಕುಂದರಬೇಕಂತ. ನನ್ನ ನಸೀಬಕ್ಕ ಆ ಒಬ್ರು ಇವ್ರು. ಈ ಸಲ ಅವ್ರಿಲ್ದೇ ಶಾದಿ ಮಾಡಂದ್ರ ನನ್ನ ಮಗಳು ಮಾಡ್ಕೊಳ್ಳೂದಿಲ್ಲ, ನಾನೂ ಮಾಡೂದಿಲ್ಲ. ಬೇಕಾದ್ರ ಸಂಬಂಧ ಮುರೀರಿ."

ಮುರಿಯಿತು ಎಂದುಕೊಂಡೆ. ಒಳಗೆ ಬಾಗಿಲ ಹತ್ತಿರ ನಿಂತಿದ್ದ ಅಕ್ರಮನ ಮುಖ ಬಿಳಿಚಿತ್ತು. ಉಮೆಸಲ್ಮಾ ಅಂಗಳದ ಮೂಲೆಯ ಕಡೆ ನೋಡಿದಳು. ಅಲ್ಲಿ ನೆಲದ ಮೇಲೆ ಒಂದು ದುಂಡು ಹಾಸುಗಲ್ಲು, ಸುತ್ತ ಸಿಮೆಂಟು ಬಳಿದಿತ್ತು.

"ಅಲ್ಲಿ ಹಗೇವು ಇತ್ತು," ಎಂದಳು.

ಹಗೇವು ಎಂದರೆ ನಮ್ಮ ಕಡೆ ನೆಲದೊಳಗೆ ತೋಡಿದ ಕಣಜ. ಆಳವಾದ ಕುಣಿಯಲ್ಲಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಈಗ ಯಾರೂ ಇಡುವುದಿಲ್ಲ.

"ನನ್ನ ತಮ್ಮನ ಶಾದಿ," ಎಂದಳು ಅಜ್ಜಿ. "ರೊಟ್ಟಿಗಿ ಜ್ವಾಳ ಬೇಕಾಗಿತ್ತು. ಕಲ್ಲು ತಗದ್ರು. ಎಲ್ಲಾರೂ ಅಂದ್ರು, ಹೊತ್ತು ಹೋಗಲಿ, ಕಂದೀಲು ಇಳಿಬಿಟ್ಟು ನೋಡಿ ಆಮ್ಯಾಲ ಇಳೀರಿ. ಇವ್ನ ದಾದಾ, ನನ್ನ ಗಂಡ, ಕೇಳಲಿಲ್ಲ. ಮಂದಿ ಬಂದು ಕುಂತಾರ, ಎಷ್ಟೊತ್ತು ಕಾಯೂದು ಅಂದ್ರು. ಇಳದ್ರು. ಮ್ಯಾಲ ಬರಲಿಲ್ಲ." ಅವಳು ಮೊರದೊಳಗಿನ ಒಂದು ಕಲ್ಲನ್ನು ಆರಿಸಿ ಎಸೆದಳು. "ನಾವು ಮುಚ್ಚಿ ಬಿಡ್ತೀವಿ. ಒಳಗ ಕಾಳು ಉಸರಾಡ್ತಿರ್ತದ, ಕಾವು ಬಿಡ್ತಿರ್ತದ, ಗಾಳಿ ವಿಷಾ ಆಗ್ತದ. ನಾವು ಮುಚ್ಚೀವಿ ಅಂತ ಅದಕ್ಕೇನು ಗೊತ್ತು? ಆ ಶಾದಿ ಅವತ್ತ ಆತು. ತನ್ನ ಸಲುವಾಗಿ ಹಿಂಗಾತಂತ ನನ್ನ ತಮ್ಮ ಸಾಯೂತನಕಾ ನನ್ನ ಮಾರಿ ನೋಡಲಿಲ್ಲ."

ನನ್ನ ಚಹಾ ಕೆನೆಗಟ್ಟಿತ್ತು.

"ಮಶಿನ್ನಿಂದು ನಂಗ ತಿಳೀಲಿಲ್ಲವಾ," ಎಂದಳು ಉಮೆಸಲ್ಮಾ ಮಸ್ತಾನಬಿಗೆ. "ಕಾಯಬೇಕಂತಿ, ಅದು ತಿಳೀತು. ಅವ್ರ ಕಾವು ಇಳೀಲಿ. ಅವಸರದ ಶಾದಿ ಈ ಅಂಗಳದಾಗ ಇನ್ನೊಂದು ಬ್ಯಾಡ."

ಬಸ್ಸಿನಲ್ಲಿ ಬರುವಾಗ ಮಸ್ತಾನಬಿ ನನ್ನ ಭುಜಕ್ಕೆ ತಲೆ ಇಟ್ಟು ಶಹಾಪುರದವರೆಗೂ ಅತ್ತಳು. ನನ್ನ ಇಳಕಲ್ ಸೀರೆ ತೊಯ್ದು ಹೋಯಿತು. ಬಯ್ಯಲು ಮನಸ್ಸು ಬರಲಿಲ್ಲ.

ಎರಡು ವಾರ ತಡವಾಗಿ, ಆದರೆ ಹೊಸದಾಗಿ ಗೊತ್ತು ಮಾಡಿದ ನಿಕಾಹದ ಹಿಂದಿನ ದಿನವೇ, ನಸೀರುದ್ದೀನ ಬಂದರು. ಟ್ರಂಕು, ಹಾಸಿಗೆ, ಒಂದು ಟೂಲ್ ಚೀಲ, ಅಷ್ಟೇ ಅವರ ಇಡೀ ಬಾಳು ಆಟೋದಿಂದ ಇಳಿಯಿತು. ಓಣಿಯವರು ಹಾರ ತಂದಿದ್ದರು. ಅಂಬರೀನ ಓಡಿ ಬಂದು ತಂದೆಯನ್ನು ತಬ್ಬಿಕೊಂಡಳು. ಮಸ್ತಾನಬಿ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಚಹಾಕ್ಕೆ ಇಡಬೇಕು ಎಂದು ಗೊಣಗುತ್ತಾ ಒಳಗೆ ಹೋದಳು. ಮರುದಿನ ಅವರು ಅಂಗಳದ ಚಾಪೆಯ ಮೇಲೆ, ಖಾಜಿಯ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬದಲ್ಲಿ ಕುಳಿತಿದ್ದರು. ಪರದೆಯ ಆಚೆಯಿಂದ ಮಗಳ ಕಬೂಲ್ ಕೇಳಿದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಗ್ರೀಸು ಹೋಗದ ಉಗುರುಗಳು ಕಾಣುತ್ತಿದ್ದವು. ಸಂಜೆಯ ಹೊತ್ತಿಗೆ ಅಂಬರೀನ ಕೆಂಭಾವಿಯ ಸೊಸೆ.

ಇನ್ನೇನು, ಕಥೆ ಸುಖವಾಗಿ ಮುಗಿಯಿತು ಎಂದು ಓಣಿಯೆಲ್ಲ ಅಂದುಕೊಂಡಿತು. ಸವತಿ ಸೋತಳು ಎಂದ ನಳದ ಹೆಂಗಸರು ಬೇರೆ ಮನೆಯ ಸುದ್ದಿ ಹಿಡಿದರು. ನಸೀರುದ್ದೀನ ಬಾಗಿಲ ಮುಂದೆ ತಗಡು ಇಳಿಸಿ ಮೋಟಾರು ಕಟ್ಟುವ ಕೆಲಸ ಶುರು ಮಾಡಿದರು. ಹೆಂಡತಿ ಬಡಿಸಿದ್ದನ್ನು ಉಂಡು, ಚಲೋ ಆಗ್ಯದ ಎಂದು ಹೇಳಿ ಏಳುವರು. ಗೋಡೆಯ ಆಚೆಯಿಂದ ನನಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಇಷ್ಟು ವರ್ಷ ಕಿವಿ ಕಿತ್ತು ಹೋಗುವಷ್ಟು ಮಾತು ಬರುತ್ತಿದ್ದ ಗೋಡೆ ಸುಮ್ಮನಾಗಿಬಿಟ್ಟಿತು. ನನಗೆ ನಿದ್ದೆ ಬರದಾಯಿತು, ನಂಬಿದರೆ ನಂಬಿ.

ಒಂದು ಭಾನುವಾರ ಸಂಜೆ ತಡೆಯಲಾಗದೆ ಅವಳ ಮನೆಗೆ ಹೋದೆ. ಹೊರಗೆ ಅವರು ತಾಮ್ರದ ತಂತಿ ಸುತ್ತುತ್ತಾ ಕುಳಿತಿದ್ದರು, ನಮಸ್ಕಾರ ಎಂದರು. ಒಳಗೆ ಮಸ್ತಾನಬಿ ಗೋಡೆಗೆ ಆನಿಕೊಂಡು ನೆಲದ ಮೇಲೆ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು.

"ಮಗಳ ನೆನಪೇನೇ?" ಎಂದೆ.

"ಅಲ್ಲ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇವ್ರದು."

ನನಗೆ ತಿಳಿಯಲಿಲ್ಲ. ಇಗೋ ಇಲ್ಲೇ ಬಾಗಿಲಲ್ಲಿ ಇದ್ದಾರಲ್ಲೇ ಎಂದೆ.

"ಅದಾರ. ಕಣ್ಣಿಗಿ ಕಾಣ್ತದ ನಂಗ. ಎದುರಿಗಿ ಕುಂತು ಉಣ್ಣಾಕತ್ತಿರ್ತಾರ ಅಕ್ಕೋರ, ನಾ ಅವ್ರ ಹಾದೀನೇ ನೋಡಾಕತ್ತಿರ್ತೀನಿ. ಸಂಜಿ ಆತಂದ್ರ ಎದಿ ಹಂಗೇ ಹಾರ್ತದ. ಇನ್ನೂ ಬರಲಿಲ್ಲಲ್ಲಾ ಅಂತ ಅಳು ಬರ್ತದ. ಬಂದಾರ, ಬಂದಾರ ಅಂತ ನಂಗ ನಾನ ಹೇಳ್ಕೋತೀನಿ. ಹೇಳಿದ್ರ ಕೇಳವಲ್ದು." ಅವಳು ಎದೆಗೆ ಅಂಗೈ ಒತ್ತಿಕೊಂಡಳು. "ಬಂದ ಮ್ಯಾಲ ಇದು ನಿಲ್ಲಬೇಕಾಗಿತ್ತಿಲ್ಲೋ? ಇಷ್ಟು ವರ್ಷ ಇದಕ್ಕೇ ಕಾದಿದ್ದೆ. ಅವ್ರಿಗಿ ಗೊತ್ತಾದ್ರ ಏನಂದ್ಕೋತಾರ? ಇಕಿಗಿ ನಾ ಬೇಕಾಗಿಲ್ಲ ಅಂದ್ಕೋತಾರ."

ಮಕ್ಕಳಿಗೆ ವಿರಹದ ಪದ್ಯ ಕಲಿಸಿ ಕಲಿಸಿ ತಲೆ ಹಣ್ಣಾದವಳು ನಾನು, ಅಗಲಿದವರು ಮನೆಗೆ ಬಂದ ಮೇಲಿನ ವಿರಹಕ್ಕೆ ನನ್ನ ಹತ್ತಿರ ಯಾವ ಪದ್ಯವೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡು ಕುಳಿತೆ. ತಲೆ ಎತ್ತಿದರೆ ಬಾಗಿಲಲ್ಲಿ ನಸೀರುದ್ದೀನ. ಕೈಯಲ್ಲಿ ಅರ್ಧ ಸುತ್ತಿದ ತಂತಿ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಸ್ತಾನಬಿ ಗಡಬಡಿಸಿ ಸೆರಗು ಎಳೆದುಕೊಂಡು ಏಳಲು ಹೋದಳು. ಅವರು ಕೈ ಸನ್ನೆಯಿಂದಲೇ ಬೇಡ ಎಂದರು. ನೊಂದುಕೊಂಡರೇನೋ ಎಂದು ನಾನು ಅವರ ಮುಖ ನೋಡಿದೆ. ನೋವಿರಲಿಲ್ಲ. ಬಹಳ ದಿನದಿಂದ ತಿಳಿಯದೆ ಇದ್ದುದೊಂದು ತಿಳಿದವರ ಹಾಗೆ ಇದ್ದರು.

"ಅಂಬರೀನಳ ಅಮ್ಮಿ," ಎಂದರು, "ಬಂದ್ ಆಗಿ ಇನ್ನಾ ಎಷ್ಟು ದಿನ ಆಗ್ಯದ? ಅದು ಒಮ್ಮಿಗೇ ನಿಲ್ಲೂದಿಲ್ಲ."

"ಯಾವಾಗ ನಿಲ್ತದ?" ಅವಳು ಮೊದಲ ಬಾರಿಗೆ ಅವರ ಮುಖವನ್ನೇ ನೋಡಿ ಕೇಳಿದಳು.

"ಗೊತ್ತಿಲ್ಲ. ಸಾವಕಾಶ ಇಳೀತದ." ಅವರು ತಂತಿಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. "ಇಳಿಯೂತನಕಾ ನಾ ಇಲ್ಲೇ ಕುಂದರ್ತೀನಿ. ಅದೊಂದು ಕೆಲಸ ನಂಗ ಬರ್ತದ."

ನಾನು ಅವಳ ಕೈ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ನನ್ನ ಮನೆಗೆ ಬಂದೆ.